ಅಳೆಸದೆ ಕೊಂಡ ಮೂರಡಿ

ಕೊಬ್ಬರಿ ವಿಷಯದಲ್ಲಿ ನಮ್ಮಪ್ಪನಿಗೆ ಯಾರೂ ಮೋಸ ಮಾಡಲಾರರು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಕರಟ ಬಿಟ್ಟಿದೆಯೋ ಇನ್ನೂ ಹಸಿ ಇದೆಯೋ ಹೇಳಿಬಿಡುತ್ತಾರೆ. ತಿಪಟೂರು ಮಾರುಕಟ್ಟೆಯ ವರ್ತಕರೂ ಹಾಗೆಯೇ. ಚೀಲ ಬಿಚ್ಚಿ, ತಳದವರೆಗೂ ಕೈ ಹಾಕಿ, ನಾಲ್ಕು ಉಂಡೆ ತೆಗೆದು, ಬೇಕಾದರೆ ಒಂದನ್ನು ಒಡೆದು ನೋಡಿದ ಮೇಲೆಯೇ ಬೆಲೆಯ ಮಾತು. ಅದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಯಾವ ರೈತರೂ ಮುನಿಸಿಕೊಳ್ಳುವುದಿಲ್ಲ. ನೋಡುವುದು ವ್ಯಾಪಾರದ ಒಂದು ಭಾಗ, ಅಷ್ಟೇ.

ಅದೇ ಅಪ್ಪ ಕೆಲವು ವರ್ಷಗಳ ಹಿಂದೆ ತಿಪಟೂರಿನಲ್ಲಿ ಒಂದು ಮನೆ ಕೊಂಡರು. ನಮ್ಮದು ತುರುವೇಕೆರೆ ತಾಲ್ಲೂಕಿನ ಹಳ್ಳಿ. ನನ್ನ ಮತ್ತು ತಂಗಿಯ ಓದಿಗೆ ಪೇಟೆಯಲ್ಲಿ ಒಂದು ನೆಲೆ ಬೇಕಿತ್ತು. 30–40ರ ನಿವೇಶನ, ಅದರಲ್ಲಿ ಹದಿನೈದು ವರ್ಷ ಹಳೆಯ ಮನೆ. ಮಾರುವವರು ನಿವೃತ್ತ ಮೇಷ್ಟ್ರು, ನಮ್ಮ ಸೋದರಮಾವನಿಗೆ ಪಾಠ ಹೇಳಿದವರು. ಕಾಗದಗಳನ್ನೆಲ್ಲ ವಕೀಲರಿಗೆ ತೋರಿಸಿದೆವು. ಮೂಲ ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಋಣಭಾರ ಪತ್ರ ಎಲ್ಲವೂ ಸರಿಯಾಗಿದ್ದವು. ಆಗ ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ‘ಒಂದ್ಸಲ ಸರ್ವೆಯರ್‌ನ ಕರೆಸಿ ಅಳೆಸೋಣ’ ಎಂದೆ. ಅಪ್ಪ ಗದರಿದರು. ‘ಮೇಷ್ಟ್ರ ಮನೆ ಮುಂದೆ ಟೇಪು ಹಿಡ್ಕಂಡು ನಿಂತ್ಕೊಳ್ಳಾದಾ? ಅವರೇನು ತಿಳ್ಕಂತಾರೆ?’ ನಾನು ಸುಮ್ಮನಾದೆ. ಆ ಸುಮ್ಮನಾಗಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿದೆ.

ವರ್ಷ ಕಳೆಯುವಷ್ಟರಲ್ಲಿ ಪೂರ್ವಕ್ಕಿದ್ದ ಖಾಲಿ ನಿವೇಶನದವರು ಮನೆ ಕಟ್ಟಲು ಬಂದರು. ಅವರು ತಮ್ಮ ಎಂಜಿನಿಯರ್ ಜತೆಗೆ ಸರ್ವೆಯರ್‌ನನ್ನೂ ಕರೆತಂದಿದ್ದರು. ಮೂರು ಕಾಲಿನ ಮೇಲೆ ಯಂತ್ರ ನಿಲ್ಲಿಸಿ ರಸ್ತೆ ತುದಿಯಿಂದ ಅಳೆದರು. ಸಂಜೆ ಆ ಮನೆಯವರು ಬಂದು ಮೆಲ್ಲಗೆ ಹೇಳಿದರು, ‘ಯಜಮಾನ್ರೇ, ನಿಮ್ಮ ಕಾಂಪೌಂಡು ನಮ್ಮ ಸೈಟಲ್ಲಿ 3 ಅಡಿ ಬಂದಿದೆ. ಬಚ್ಚಲುಮನೆ, ಪಿಟ್ಟು ಎರಡೂ ನಮ್ಮ ಜಾಗದಲ್ಲಿವೆ.’

ಅಪ್ಪ ಮೊದಲು ನಂಬಲಿಲ್ಲ. ಆಮೇಲೆ ಮೇಷ್ಟ್ರನ್ನೂ ಕರೆಸಿ, ಬಡಾವಣೆಯ ಅನುಮೋದಿತ ನಕ್ಷೆ ತರಿಸಿ ನೋಡಿದಾಗ ಗುಟ್ಟು ತಿಳಿಯಿತು. ಆ ಸಾಲಿನ ಮೂಲೆಯಲ್ಲಿ ಮೊದಲು ಮನೆ ಕಟ್ಟಿದವರು ಯಾವುದೋ ಕಾರಣಕ್ಕೆ ಪಶ್ಚಿಮದ ರಸ್ತೆಗೆ 3 ಅಡಿ ಹೆಚ್ಚಾಗಿ ಬಿಟ್ಟು ಕಾಂಪೌಂಡು ಹಾಕಿದ್ದರು. ಎರಡನೆಯವರು ನಕ್ಷೆ ನೋಡದೆ ಅವರ ಗೋಡೆಯಿಂದ 30 ಅಡಿ ಅಳೆದುಕೊಂಡರು. ಮೂರನೆಯವರು ಎರಡನೆಯವರ ಗೋಡೆಯಿಂದ ಅಳೆದರು. ಹೀಗೆ ಇಡೀ ಸಾಲೇ 3 ಅಡಿ ಪೂರ್ವಕ್ಕೆ ಸರಿದಿತ್ತು. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ. ಕಾಗದದಲ್ಲಿ ನಮಗೆ 1,200 ಚದರ ಅಡಿ ಇದೆ. ಆದರೆ ಅದರ ಪಶ್ಚಿಮದ 3 ಅಡಿಯಲ್ಲಿ ಆ ಬದಿಯ ಮನೆಯವರು ಕೂತಿದ್ದಾರೆ, ಪೂರ್ವದ 3 ಅಡಿಯನ್ನು ನಾವು ಬಿಟ್ಟುಕೊಡಬೇಕು. ಪಶ್ಚಿಮದವರನ್ನು ಕೇಳಿದರೆ, ‘ನಾವು ಇಪ್ಪತ್ತು ವರ್ಷದಿಂದ ಹಿಂಗೇ ಇದೀವಲ್ಲಪ್ಪ’ ಎಂದರು. ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ತನ್ನ ಜಾಗದ ಸ್ವಾಧೀನ ಕೇಳಲು ಇರುವ ಅವಧಿ 12 ವರ್ಷ. ಅದು ಮೀರಿದ ಮೇಲೆ ಕೋರ್ಟು ಹತ್ತಿದರೆ ಕೇಸು ಎಷ್ಟು ದೂರ ಹೋಗುತ್ತದೋ ಹೇಳಲಾಗದು ಎಂದು ವಕೀಲರು ಅಂದರು.

ಕೊನೆಗೆ ಬಚ್ಚಲುಮನೆ ಒಡೆದೆವು. ಪಿಟ್ಟು ಮುಚ್ಚಿ ಮನೆ ಮುಂದೆ ಹೊಸದು ತೆಗೆಸಿದೆವು. ಮನೆಯ ಪೂರ್ವದ ಗೋಡೆ ಸರಿಯಾಗಿ ಗಡಿಯ ಮೇಲೆಯೇ ನಿಂತಿದ್ದರಿಂದ ಉಳಿಯಿತು. ಆದರೆ ಆ ಕಡೆಯ ಕಿಟಕಿ ತೆಗೆದರೆ ಈಗ ಕಾಣುವುದು ಪಕ್ಕದವರ ಗೋಡೆ. ನಮ್ಮ ಪಾಲಿಗೆ ಉಳಿದದ್ದು 27 ಅಡಿ ಅಗಲ. 120 ಚದರ ಅಡಿ ಹೋಯಿತು, ಅಂದರೆ ಕೊಟ್ಟ ದುಡ್ಡಿನಲ್ಲಿ ನಿವೇಶನದ ಪಾಲಿನ ಹತ್ತನೇ ಒಂದು ಭಾಗ. ಒಡೆದು ಕಟ್ಟಿಸಲು ಆದ ಖರ್ಚು ಬೇರೆ. ತಂಗಿಯ ಓದಿಗೆಂದು ತೆಗೆದಿಟ್ಟಿದ್ದ ಹಣ ಅದಕ್ಕೆ ಹೋಯಿತು. ತೋಟದಲ್ಲಿ ಮೂರಡಿ ಎಂದರೆ ಒಂದು ಬದು. ಪೇಟೆಯಲ್ಲಿ ಮೂರಡಿ ಎಂದರೆ ಒಂದು ಬಚ್ಚಲುಮನೆ.

ಈ ಕತೆಯನ್ನು ಈಗ ಬರೆಯಲು ಕಾರಣವಿದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷ ತಿಪಟೂರಿನಲ್ಲಿ ಧಾರಣೆ ಅದರ ಎರಡು ಪಟ್ಟನ್ನೂ ದಾಟಿತು. ಅಟ್ಟದಲ್ಲಿ ಕಾಯಿ ಉಳಿಸಿಕೊಂಡಿದ್ದವರ ಕೈಗೆ ಒಂದಿಷ್ಟು ಕಾಸು ಬಂತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸುತ್ತ ಸೈಟು, ಮನೆ ಎಂದು ಓಡಾಡುವ ಎಷ್ಟೋ ಕುಟುಂಬಗಳನ್ನು ನಾನೇ ಬಲ್ಲೆ. ರೋಗ, ನುಸಿ, ಬರ ಎಲ್ಲವನ್ನೂ ದಾಟಿ ಬಂದ ದುಡ್ಡು ಅದು. ಅದು ಅಳೆಯದ ನೆಲದಲ್ಲಿ ಹೂತುಹೋಗಬಾರದು.

ನನ್ನ ಮಾತು ಇಷ್ಟೇ: ಮುಂಗಡ ಕೊಡುವ ಮುನ್ನ, ನಾವೇ ದುಡ್ಡು ಕೊಟ್ಟು, ನಾವೇ ಆರಿಸಿದ ಸರ್ವೆಯರ್‌ನಿಂದ ಅಳೆಸಬೇಕು. ಕಾಗದ ‘ಯಾರದು’ ಎಂದು ಹೇಳುತ್ತದೆ. ‘ಎಲ್ಲಿದೆ’ ಎಂದು ಹೇಳುವುದು ಅಳತೆ ಮಾತ್ರ.

‘ರಿಜಿಸ್ಟರ್ ಆಗಿದೆಯಲ್ಲ’ ಎನ್ನುತ್ತಾರೆ. ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು. ಅವರು ಜಾಗಕ್ಕೆ ಬಂದು ಗೋಡೆ ಅಳೆಯುವುದಿಲ್ಲ. ‘ಇ-ಖಾತೆ ಇದೆಯಲ್ಲ’ ಎಂದೂ ಹೇಳುತ್ತಾರೆ. ಈಗ ನೋಂದಣಿಗೆ ಇ-ಖಾತೆ ಬೇಕೇ ಬೇಕು, ಒಳ್ಳೆಯದೇ ಆಯಿತು. ಒಂದೇ ಸೈಟನ್ನು ಇಬ್ಬರಿಗೆ ಮಾರುವುದು ಅದರಿಂದ ಕಷ್ಟವಾಗಿದೆ. ಆದರೆ ನಮ್ಮಂಥ ಹಳೆಯ ನಿವೇಶನಗಳ ಉದ್ದಗಲ, ಚಕ್ಕುಬಂದಿ ಅದರೊಳಗೆ ಬಂದಿರುವುದು ಹಳೆಯ ಕಾಗದಗಳಿಂದ. ಕಾಗದದ ತಪ್ಪು ಕಂಪ್ಯೂಟರಿಗೆ ಹೋದರೆ ಕಂಪ್ಯೂಟರಿನ ತಪ್ಪಾಗುತ್ತದೆ. ‘ಬ್ಯಾಂಕಿನವರು ನೋಡಿ ಸಾಲ ಕೊಟ್ಟಿದ್ದಾರಲ್ಲ’ ಎಂಬುದು ಮೂರನೆಯ ಮಾತು. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಕೊಟ್ಟ ಸಾಲ ವಾಪಸ್ ಬರುತ್ತದೆಯೇ ಎಂದು. ನಮ್ಮ ಬಚ್ಚಲು ಯಾರ ಜಾಗದಲ್ಲಿದೆ ಎಂಬ ಚಿಂತೆ ನಮ್ಮದೇ.

ಕಾನೂನು ಕೂಡ ಕೊಳ್ಳುವವರ ಮೇಲೆ ಒಂದಿಷ್ಟು ಹೊಣೆ ಹೊರಿಸುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವರು ತಮಗೆ ಗೊತ್ತಿರುವ, ಕೊಳ್ಳುವವರು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷಗಳನ್ನು ತಿಳಿಸಬೇಕು. ನಮ್ಮ ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ನಾವು ಅಳೆಸಿದ್ದರೆ ಕಾಣುತ್ತಿತ್ತು. ಹಾಗಿದ್ದ ಮೇಲೆ ಯಾರನ್ನು ದೂರುವುದು? ಇಂಗ್ಲೆಂಡಿನಲ್ಲೂ ಕೊಳ್ಳುವವರೇ ಎಚ್ಚರ ವಹಿಸಬೇಕೆಂಬ ನಿಯಮವಿದೆ. ಅದಕ್ಕೇ ಅಲ್ಲಿ ಮನೆ ಕೊಳ್ಳುವವರು ಒಪ್ಪಂದ ಗಟ್ಟಿಯಾಗುವ ಮುನ್ನ ತಮ್ಮದೇ ಖರ್ಚಿನಲ್ಲಿ ವೃತ್ತಿಪರ ಸರ್ವೆಯರ್‌ನಿಂದ ಮನೆ ತಪಾಸಣೆ ಮಾಡಿಸುವುದು ರೂಢಿ. ನಮ್ಮಲ್ಲಿ ನಿಯಮ ಇದೆ, ರೂಢಿ ಇಲ್ಲ.

ಹಾಗೆಂದು ಅಳತೆ ನಮಗೆ ಹೊಸದಲ್ಲ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1860ರ ದಶಕದಲ್ಲಿ. 33 ಅಡಿ ಉದ್ದದ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ 1,089 ಚದರ ಅಡಿ, ಅದೇ ನಮ್ಮ ಗುಂಟೆ. ಅಂಥ 40 ಗುಂಟೆ ಸೇರಿದರೆ ಎಕರೆ. ಸರ್ವೆ ನಂಬರುಗಳ ಅಳತೆ ಬರೆದ ಟಿಪ್ಪಣಿಗಳು, ವಿಸ್ತೀರ್ಣ ಮತ್ತು ಖರಾಬು ತೋರಿಸುವ ಆಕಾರ್‌ಬಂದ್ ಇವತ್ತಿಗೂ ಆಧಾರ. ತೋಟದ ಬದುವಿನ ಬಾಂದುಕಲ್ಲು ಒಂದು ಗೇಣು ಸರಿದರೂ ನಮ್ಮ ಹಿರಿಯರು ಪಂಚಾಯಿತಿ ಸೇರಿಸುತ್ತಿದ್ದರು. ಸರ್ವೆ ನಂಬರಿನಲ್ಲಿ ಒಂದು ಭಾಗವನ್ನು ಮಾರಬೇಕಾದರೆ 11ಇ ನಕ್ಷೆ ಇಲ್ಲದೆ ಇಂದು ನೋಂದಣಿಯೇ ಆಗದು. ಅಂದರೆ ನಾಲ್ಕು ತೆಂಗಿನ ಮರ ಇರುವ ತುಂಡು ಜಮೀನಿಗೂ ಅಳತೆ ಬೇಕು. ಅದಕ್ಕಿಂತ ಹತ್ತು ಪಟ್ಟು ಬೆಲೆಯ ಪೇಟೆ ಮನೆ ಕೈ ಬದಲಾಗುವಾಗ ಮಾತ್ರ ಹೊಸದಾಗಿ ಅಳೆದ ನಕ್ಷೆಯನ್ನು ಯಾರೂ ಕೇಳುವುದಿಲ್ಲ. ಪೇಟೆಯ ಮನೆ, ನಿವೇಶನಗಳ ಮಾರಾಟಕ್ಕೂ ಸ್ಥಳದ ಅಳತೆ ನಕ್ಷೆಯನ್ನು ಪತ್ರದ ಜತೆ ಲಗತ್ತಿಸುವ ನಿಯಮ ಬರಬೇಕು ಎಂಬುದು ನನ್ನ ಒತ್ತಾಯ. ಬರುವವರೆಗೆ ನಮ್ಮ ಕೆಲಸ ನಾವು ಮಾಡಿಕೊಳ್ಳಬೇಕು.

ಯಾರನ್ನು ಕರೆಸಬೇಕು ಎಂಬುದು ಕೊಳ್ಳುವ ಜಾಗದ ಮೇಲಿದೆ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಅರ್ಜಿ ಖಾತೆದಾರರ ಹೆಸರಿನಲ್ಲೇ ಆಗಬೇಕಾದ್ದರಿಂದ ಮಾರುವವರನ್ನು ಒಪ್ಪಿಸಬೇಕು. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ, ಅವರ ಎದುರಿಗೇ ಗಡಿ ಗುರುತಿಸುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ ನಿಜ, ಆದರೆ ತಂಟೆ ಬಂದಾಗ ನಿಲ್ಲುವ ಅಳತೆ ಇದು. ಬಡಾವಣೆಯ ನಿವೇಶನವಾದರೆ ಸರ್ವೆ ಇಲಾಖೆಯ ಹಳೆಯ ಟಿಪ್ಪಣಿಯಲ್ಲಿ ಸಿಗುವುದು ಇಡೀ ಸರ್ವೆ ನಂಬರಿನ ಹೊರ ಎಲ್ಲೆ, ನಮ್ಮ 30–40 ಅಲ್ಲ. ಅಲ್ಲಿ ಅನುಮೋದಿತ ಬಡಾವಣೆ ನಕ್ಷೆಯ ಪ್ರತಿ ಪಡೆದು, ಅನುಭವಿ ಸರ್ವೆಯರ್‌ನಿಂದ ಅದಕ್ಕೆ ತಾಳೆ ನೋಡಿಸಬೇಕು. ಖಾಸಗಿಯವರು ಕೊಟ್ಟ ನಕ್ಷೆಗೆ ಸರ್ಕಾರಿ ಅಳತೆಯ ತೂಕ ಇರದಿರಬಹುದು. ಆದರೆ ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಅಷ್ಟು ಸಾಕು.

ಮೊಬೈಲಿನಲ್ಲಿ ‘ದಿಶಾಂಕ್’ ಇದೆ, ನಾವು ನಿಂತ ಜಾಗ ಯಾವ ಸರ್ವೆ ನಂಬರು, ಹತ್ತಿರ ಕೆರೆ, ಹಳ್ಳ ಇದೆಯೇ ಎಂದು ತೋರಿಸುತ್ತದೆ. ಮೊದಲ ವಿಚಾರಣೆಗೆ ಬಹಳ ಉಪಯೋಗ. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರು ಅತ್ತಿತ್ತ ಆಗುತ್ತದೆ. ಮೂರಡಿಯ ತಕರಾರಿಗೆ ಅದು ಸಾಲದು.

ಸರ್ವೆಯರ್ ಆರಿಸುವಾಗ ಮೊದಲ ನಿಯಮ, ಬ್ರೋಕರ್ ಕರೆತಂದವರು ಬೇಡ. ವ್ಯಾಪಾರ ಮುಗಿದರೆ ಮಾತ್ರ ಕಮಿಷನ್ ಸಿಗುವವರ ಸ್ನೇಹಿತರು ವ್ಯಾಪಾರ ಮುರಿಯುವ ಮಾತನ್ನು ಹೇಗೆ ಹೇಳಿಯಾರು? ಪರವಾನಗಿ ಇದೆಯೇ, ನಮ್ಮ ತಾಲ್ಲೂಕಿನಲ್ಲಿ ಕೆಲಸ ಮಾಡಿದ್ದಾರೆಯೇ ಎಂದು ಕೇಳಿ. ಇತ್ತೀಚೆಗೆ ಅಳೆಸಿದ ಒಂದಿಬ್ಬರನ್ನು ವಿಚಾರಿಸಿ. ಎರಡನೆಯದು, ಬಾಯಿಮಾತಿನ ‘ಸರಿಯಾಗಿದೆ ಬಿಡಿ’ ಒಪ್ಪಬೇಡಿ. ನಾಲ್ಕು ಬದಿಯ ಅಳತೆಯ ಜತೆಗೆ ಮೂಲೆಯಿಂದ ಮೂಲೆಗೆ ಕರ್ಣದ ಅಳತೆಯೂ ಇರುವ, ಸಹಿ, ಮೊಹರು, ದಿನಾಂಕ ಹಾಕಿದ ನಕ್ಷೆ ಪಡೆಯಿರಿ. ನಾಲ್ಕು ಬದಿ ಸರಿ ಬಂದರೂ ಜಾಗ ಓರೆಯಾಗಿರಬಹುದು, ಅದು ಗೊತ್ತಾಗುವುದು ಕರ್ಣದಿಂದ. ಮೂರನೆಯದು, ನಮಗೆ ಪಾಠ ಕಲಿಸಿದ ಪ್ರಶ್ನೆ: ‘ಯಾವ ಕಲ್ಲಿಂದ ಅಳೀತಿದೀರಿ?’ ಪಕ್ಕದ ಗೋಡೆಯಿಂದ ಅಳೆದ ಅಳತೆ ಅಳತೆಯಲ್ಲ. ನಕ್ಷೆಯಲ್ಲಿರುವ, ಕದಲದ ಗುರುತಿನಿಂದ ಶುರುವಾಗಬೇಕು. ಅಳೆಯುವ ಹೊತ್ತಿಗೆ ಅಕ್ಕಪಕ್ಕದವರನ್ನೂ ಕರೆಯಿರಿ. ಅವರ ಮನಸ್ಸಿನಲ್ಲಿರುವ ತಕರಾರು ಅಲ್ಲೇ ಹೊರಗೆ ಬರುತ್ತದೆ.

ನೆಲವಾದ ಮೇಲೆ ಮನೆ. ಇದಕ್ಕೆ ಸಿವಿಲ್ ಎಂಜಿನಿಯರ್ ಬೇಕು. ನಮ್ಮ ಸೀಮೆಯ ಹಳೆಯ ಮನೆಗಳಿಗೆ ನಮ್ಮವೇ ರೋಗಗಳಿವೆ. ವರ್ಷಗಟ್ಟಲೆ ಸಾವಿರಾರು ಕಾಯಿ ಹೊತ್ತ ಅಟ್ಟದ ತೊಲೆ ಬಾಗಿರಬಹುದು. ತೆಂಗಿನ ಮರದ ಜಂತಿಯನ್ನು ಒಳಗಿನಿಂದ ಗೆದ್ದಲು ತಿಂದಿರಬಹುದು, ಹೊರಗೆ ಬಣ್ಣ ಬಳಿದಿದ್ದರೆ ಗೊತ್ತೇ ಆಗುವುದಿಲ್ಲ. ಕೆರೆ ಕೆಳಗಿನ, ನಾಲೆ ಪಕ್ಕದ ಜಾಗದಲ್ಲಿ ಗೋಡೆ ತೇವ ಎಳೆಯುತ್ತದೆ. ಮೇಲೊಂದು ಅಂತಸ್ತು ಕಟ್ಟುವ ಆಸೆ ಇದ್ದರೆ ಪಾಯ ತಡೆಯುತ್ತದೆಯೇ ಎಂದು ಈಗಲೇ ಕೇಳಬೇಕು. ಪಿಟ್ಟು ಎಲ್ಲಿದೆ, ಬೋರ್‌ವೆಲ್‌ಗೆ ಎಷ್ಟು ದೂರ ಎಂಬುದನ್ನು ನಕ್ಷೆಯಲ್ಲೇ ಗುರುತು ಹಾಕಿಸಬೇಕು. ತುಮಕೂರು–ಶಿವಮೊಗ್ಗ ಹೆದ್ದಾರಿಯ ಹತ್ತಿರದ ಜಾಗವಾದರೆ ಭೂಸ್ವಾಧೀನದ ಗೆರೆ ಎಲ್ಲಿದೆ ಎಂದು ವಿಚಾರಿಸದೆ ಮುಂದೆ ಹೋಗಬಾರದು.

ಖರ್ಚಿನ ಮಾತು. ನಮಗೆ ಪೆಟ್ಟು ಬಿದ್ದ ಮೇಲೆ ನಾನು ತಿಪಟೂರಿನಲ್ಲಿ ಇಬ್ಬರನ್ನು ವಿಚಾರಿಸಿದೆ. ಒಂದು ನಿವೇಶನ ಅಳೆದು ನಕ್ಷೆ ಕೊಡಲು ಇಬ್ಬರೂ ಕೇಳಿದ್ದು ಒಂದು ಕ್ವಿಂಟಲ್ ಕೊಬ್ಬರಿಯ ಬೆಂಬಲ ಬೆಲೆಗಿಂತ ಕಡಿಮೆ. ಗೃಹಪ್ರವೇಶದ ಪೆಂಡಾಲಿಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆವು.

ಹಾಗಾದರೆ ತಡೆಯುವುದು ದುಡ್ಡಲ್ಲ, ಸಂಕೋಚ. ನಮ್ಮಲ್ಲಿ ಮನೆ ವ್ಯಾಪಾರ ನಡೆಯುವುದು ಗುರುತಿನವರ ನಡುವೆ, ಬೀಗರ ಮೂಲಕ, ಒಂದೇ ದೇವಸ್ಥಾನದ ಒಕ್ಕಲಿನೊಳಗೆ. ಅಳತೆ ಕೇಳಿದರೆ ಅನುಮಾನಪಟ್ಟಂತೆ. ಆದರೆ ನಮ್ಮ ವಿಷಯದಲ್ಲಿ ಆದದ್ದೇನು? ಮೇಷ್ಟ್ರು ಇಂದಿಗೂ ಅಪ್ಪನನ್ನು ಕಂಡರೆ ತಲೆ ತಗ್ಗಿಸುತ್ತಾರೆ. ಅಪ್ಪ ಅವರನ್ನು ಕಂಡರೆ ಬೇರೆ ಬೀದಿಗೆ ತಿರುಗುತ್ತಾರೆ. ಅಳೆಸಿದ್ದರೆ ಒಂದು ದಿನದ ಮುಜುಗರ ಆಗುತ್ತಿತ್ತು. ಅಳೆಸದೆ ಇದ್ದುದಕ್ಕೆ ಸಂಬಂಧವೇ ಹೋಯಿತು. ನಂಬಿಕೆ ಉಳಿಯಬೇಕಾದರೂ ಅಳತೆ ಬೇಕು.

ಈ ಸಂಕೋಚ ಮುರಿಯುವ ಕೆಲಸ ಮನೆಯ ಹುಡುಗ ಹುಡುಗಿಯರದ್ದು ಎಂದು ನನಗೆ ಅನ್ನಿಸುತ್ತದೆ. ದೊಡ್ಡವರಿಗೆ ದಾಕ್ಷಿಣ್ಯ ಇರುತ್ತದೆ, ನಮಗೆ ಅಷ್ಟಿಲ್ಲ. ‘ನಮ್ಮ ಹುಡುಗ ಕೇಳ್ತಾ ಇಲ್ಲ, ಅಳೆಸಿಬಿಡೋಣ’ ಎಂದು ಹೇಳುವ ನೆಪವನ್ನಾದರೂ ಅಪ್ಪಂದಿರಿಗೆ ಕೊಡೋಣ. ಕರಾರು ಪತ್ರದಲ್ಲಿ ಒಂದು ಸಾಲು ಬರೆಸೋಣ: ಅಳತೆಯಲ್ಲಿ ಕಡಿಮೆ ಬಂದರೆ ಬೆಲೆ ಇಳಿಸಬೇಕು, ಇಲ್ಲವೇ ಮುಂಗಡ ವಾಪಸ್ ಕೊಡಬೇಕು. ಪ್ರಾಮಾಣಿಕರಾದ ಮಾರಾಟಗಾರರು ಇದಕ್ಕೆ ಹೆದರುವ ಕಾರಣವಿಲ್ಲ. ಹೆದರುವವರಿಂದ ಕೊಳ್ಳುವ ಕಾರಣವೂ ಇಲ್ಲ.

ಮೊನ್ನೆ ನಮ್ಮ ಚಿಕ್ಕಪ್ಪ ಚಿಕ್ಕನಾಯಕನಹಳ್ಳಿ ಹತ್ತಿರ ಮನೆ ಇರುವ 5 ಗುಂಟೆ ಜಾಗ ನೋಡಿದರು. ಈ ಸಲ ನಾನು ಸುಮ್ಮನಿರಲಿಲ್ಲ. ಅಳೆಸಿದೆವು. ಹಿತ್ತಲಿನ ಒಂದು ಪಟ್ಟಿ ಬಿ ಖರಾಬು, ಹಳೆಯ ಬಂಡಿ ಜಾಡು ಎಂದು ಗೊತ್ತಾಯಿತು. ಅದು ಸಾರ್ವಜನಿಕ ಜಾಗ, ಮಾರುವವರದೂ ಅಲ್ಲ, ಕೊಳ್ಳುವವರದೂ ಆಗದು. ಮಾರುವವರು ಎರಡು ದಿನ ಮುಖ ಊದಿಸಿಕೊಂಡರು. ಮೂರನೆಯ ದಿನ ಅವರೇ ಫೋನ್ ಮಾಡಿ, ಆ ಪಟ್ಟಿ ಬಿಟ್ಟು ಉಳಿದಷ್ಟಕ್ಕೆ ಬೆಲೆ ಹೇಳಿದರು. ವ್ಯಾಪಾರ ಕುದುರಿತು, ಸ್ನೇಹವೂ ಉಳಿಯಿತು.

ಅಳತೆಯ ದಿನ ಅಪ್ಪನೂ ಬಂದಿದ್ದರು. ಬಿಸಿಲಲ್ಲಿ ಟವೆಲ್ಲು ತಲೆಗೆ ಹಾಕಿಕೊಂಡು ಟೇಪಿನ ಒಂದು ತುದಿ ಹಿಡಿದು ನಿಂತಿದ್ದರು. ಸರ್ವೆಯರ್ ಯಂತ್ರ ನಿಲ್ಲಿಸುವ ಮೊದಲೇ ಅವರು ಕೇಳಿದರು, ‘ಸ್ವಾಮಿ, ಯಾವ ಕಲ್ಲಿಂದ ಶುರು ಮಾಡ್ತೀರಿ? ಮೊದಲು ಅದನ್ನ ತೋರ್ಸಿ.’